ಬ್ಯಾರಿಕೇಡ್ ಮುಗಿಯುವ ಜಾಗ: ಪ್ರೈಡ್ ಮೆರವಣಿಗೆ ಮತ್ತು ಭದ್ರತೆಯ ಲೆಕ್ಕ

2022ರ ಜೂನ್ 25ರಂದು ಓಸ್ಲೋ ನಗರದಲ್ಲಿ ಪ್ರೈಡ್ ಮೆರವಣಿಗೆ, ಅಂದರೆ ಲೈಂಗಿಕ ಅಲ್ಪಸಂಖ್ಯಾತರು ಪ್ರತಿ ವರ್ಷ ತಮ್ಮ ಹಕ್ಕುಗಳಿಗಾಗಿ ನಡೆಸುವ ಮೆರವಣಿಗೆ, ಹೊರಡಬೇಕಿತ್ತು. ಅದೇ ದಿನ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಲೈಂಗಿಕ ಅಲ್ಪಸಂಖ್ಯಾತರು ದಶಕಗಳಿಂದ ಸೇರುತ್ತ ಬಂದಿದ್ದ ಲಂಡನ್ ಪಬ್‌ನ ಹೊರಗೂ ಅದರ ಆಸುಪಾಸಿನಲ್ಲೂ ಒಬ್ಬಾತ ಗುಂಡು ಹಾರಿಸಿದ. ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಬೆಳಗಾಗುವ ಹೊತ್ತಿಗೆ ನಾರ್ವೆಯ ಭಯೋತ್ಪಾದನಾ ಎಚ್ಚರಿಕೆಯ ಮಟ್ಟ ತುತ್ತತುದಿಗೆ ಏರಿತ್ತು, ಪೊಲೀಸರ ಸಲಹೆಯಂತೆ ಸಂಘಟಕರು ಮೆರವಣಿಗೆಯನ್ನು ರದ್ದುಪಡಿಸಿದ್ದರು. ಆದರೂ ಅಂದು ಸಾವಿರಾರು ಜನ ಕಾಮನಬಿಲ್ಲಿನ ಬಾವುಟ ಹಿಡಿದು ಅದೇ ಬೀದಿಗಳಲ್ಲಿ ನಡೆದು ಹೋದರು, ಪಬ್‌ನ ಮುಂದೆ ಹೂವಿಟ್ಟರು. ಹೀಗೆ ಹೊರಟವರನ್ನು ಹುಂಬರೆಂದೋ ಮನೆಯಲ್ಲೇ ಉಳಿದವರನ್ನು ಅಂಜುಬುರುಕರೆಂದೋ ಕರೆಯುವುದು ಸುಲಭ. ಎರಡೂ ಅವಸರದ ತೀರ್ಪುಗಳು. ಏಕೆಂದರೆ ಆ ದಿನ ಇಬ್ಬರ ಮುಂದೆಯೂ ಇದ್ದದ್ದು ಒಂದೇ ಮಾಹಿತಿ, ಮತ್ತು ಅದು ತೀರ ಕಡಿಮೆ ಮಾಹಿತಿ.

ಪ್ರೈಡ್ ಮೆರವಣಿಗೆಗಳ ಕುರಿತು ಪ್ರತಿ ವರ್ಷ ಜೂನ್ ತಿಂಗಳು ಬಂದೊಡನೆ ಕೇಳಿಬರುವ ಪ್ರಶ್ನೆ ‘ಹೋಗುವುದು ಸುರಕ್ಷಿತವೇ?’ ಎಂಬುದು. ಅದಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಪೊಲೀಸರಾಗಲಿ, ಸಂಘಟಕರಾಗಲಿ, ಬೇಹುಗಾರಿಕಾ ಸಂಸ್ಥೆಯಾಗಲಿ ಕೊಡಲಾರರು. ಇದಕ್ಕೆ ಒಂದು ಕಾರಣ, ‘ಭದ್ರತೆ’ ಎಂಬ ಒಂದೇ ಪದದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳನ್ನು ನಾವು ತುರುಕಿದ್ದೇವೆ. ಚಾಕು ಹಿಡಿದು ಬರುವ ಒಬ್ಬಂಟಿಗ, ಕಲ್ಲು ಹಿಡಿದು ಬರುವ ಗುಂಪು, ನಿಷೇಧಾಜ್ಞೆ ಹಿಡಿದು ಬರುವ ಸರ್ಕಾರ, ಮರುದಿನ ಪತ್ರಿಕೆಯ ಚಿತ್ರದಲ್ಲಿ ಮುಖ ಗುರುತಿಸುವ ಚಿಕ್ಕಪ್ಪ, ಇವರೆಲ್ಲರೂ ಅಪಾಯವೇ. ಆದರೆ ಒಬ್ಬರಿಂದ ಕಾಯುವ ಉಪಾಯ ಇನ್ನೊಬ್ಬರ ಎದುರು ಕೆಲಸಕ್ಕೆ ಬಾರದು. ಹಾಗಾಗಿ ಉತ್ತರ ಸಿಗಬಹುದಾದ ಪ್ರಶ್ನೆ ಬೇರೆಯೇ ಇದೆ: ಕಾವಲು ಯಾರದು, ಅದು ಯಾರಿಂದ ಕಾಯುತ್ತಿದೆ, ಮತ್ತು ಎಲ್ಲಿಗೆ ಮುಗಿಯುತ್ತದೆ?

ಈ ಮೆರವಣಿಗೆಯ ಮೂಲದಲ್ಲೇ ಕಾವಲಿನ ಪ್ರಶ್ನೆ ಒಂದು ವಿಚಿತ್ರ ರೂಪದಲ್ಲಿ ಅಂಟಿಕೊಂಡಿದೆ. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ ಸಲಿಂಗಿಗಳು ಸೇರುತ್ತಿದ್ದ ಸ್ಟೋನ್‌ವಾಲ್ ಇನ್ ಎಂಬ ಬಾರ್ ಮೇಲೆ ದಾಳಿ ಮಾಡಿದವರು ಪುಂಡರಲ್ಲ, ಪೊಲೀಸರು. ಆ ದಾಳಿಗೆ ಎದುರು ನಿಂತವರ ನೆನಪಿಗಾಗಿ ಸರಿಯಾಗಿ ಒಂದು ವರ್ಷದ ಬಳಿಕ, 1970ರ ಜೂನ್ 28ರಂದು, ಅಲ್ಲಿಂದ ಸೆಂಟ್ರಲ್ ಪಾರ್ಕ್‌ವರೆಗೆ ಮೊದಲ ಮೆರವಣಿಗೆ ನಡೆಯಿತು. ಅದಕ್ಕೆ ಬೇಕಿದ್ದ ಪರವಾನಗಿ ಕೈಗೆ ಸಿಕ್ಕಿದ್ದು ಹೊರಡುವುದಕ್ಕೆ ಎರಡೇ ಗಂಟೆ ಮೊದಲು. ನಿಗದಿಪಡಿಸಿದ ಸಮಯದ ಅರ್ಧಕ್ಕೂ ಮುಂಚೆಯೇ ಜನ ದಾರಿಯನ್ನು ನಡೆದು ಮುಗಿಸಿದರು. ಉತ್ಸಾಹ ಒಂದು ಕಾರಣವಾದರೆ, ಇಂಥ ಬಾವುಟ ಹಿಡಿದು ನಗರದ ನಡುವೆ ಹೋಗುವಾಗಿನ ಅಂಜಿಕೆ ಇನ್ನೊಂದು. ನಡಿಗೆ ಎಂದು ಶುರುವಾದದ್ದು ಹೆಚ್ಚುಕಡಿಮೆ ಓಟವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಅನುಭವವಿದ್ದವರು ಮತ್ತೆ ಅದೇ ಬೇಲಿಯ ಪಕ್ಕದಲ್ಲಿ ನಡೆಯಬೇಕಾಗಿ ಬಂದ ಆ ಇಕ್ಕಟ್ಟು ಇಂದಿಗೂ ಪೂರ್ತಿ ಬಗೆಹರಿದಿಲ್ಲ. 2016ರಲ್ಲಿ ಟೊರಾಂಟೊದ ಮೆರವಣಿಗೆಯನ್ನು ಕಪ್ಪುಜನರ ಹೋರಾಟಗಾರರು ನಡುದಾರಿಯಲ್ಲಿ ತಡೆದು, ಪೊಲೀಸ್ ತಂಡಗಳು ಮೆರವಣಿಗೆಯಲ್ಲಿ ಪಾಲ್ಗೊಳ್ಳಬಾರದೆಂದು ಕೇಳಿದ್ದು, 2021ರಲ್ಲಿ ನ್ಯೂಯಾರ್ಕ್‌ನ ಸಂಘಟಕರು ಸಮವಸ್ತ್ರದ ಪೊಲೀಸರ ಪಾಲ್ಗೊಳ್ಳುವಿಕೆಗೆ ತಡೆ ಹಾಕಿದ್ದು ಈ ಇಕ್ಕಟ್ಟಿನ ಮುಂದುವರಿಕೆಯೇ. ಬಂದೋಬಸ್ತು ಹೆಚ್ಚಿದಷ್ಟೂ ಎಲ್ಲರ ಧೈರ್ಯವೂ ಹೆಚ್ಚುತ್ತದೆ ಎಂದು ಭಾವಿಸುವವರು ಇದನ್ನು ಮರೆಯುತ್ತಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ, ದಾಖಲೆಗಳಿಲ್ಲದ ವಲಸಿಗರಿಗೆ ತಪಾಸಣೆಯ ಗೇಟೇ ಮೆರವಣಿಗೆಯ ಅತಿ ಭಯದ ಜಾಗವಾಗಿರಬಹುದು.

ಕಾವಲು ಸೋತದ್ದು ಹೇಗೆಂದು ತಿಳಿಯಲು ಜೆರುಸಲೇಮ್‌ನಷ್ಟು ಕಠೋರವಾದ ಉದಾಹರಣೆ ಬೇರೊಂದಿಲ್ಲ. 2005ರ ಮೆರವಣಿಗೆಯಲ್ಲಿ ಯಿಶಾಯ್ ಶ್ಲಿಸೆಲ್ ಎಂಬಾತ ಮೂವರಿಗೆ ಚಾಕುವಿನಿಂದ ಇರಿದು ಜೈಲಿಗೆ ಹೋದ. ಹತ್ತು ವರ್ಷದ ಶಿಕ್ಷೆ ಮುಗಿಸಿ ಆತ ಹೊರಬಂದದ್ದು 2015ರ ಮೆರವಣಿಗೆಗೆ ಕೆಲವೇ ವಾರ ಮೊದಲು. ಹೊರಬಂದ ಮೇಲೆ ತನ್ನ ಉದ್ದೇಶವನ್ನು ಆತ ಬಚ್ಚಿಡಲೂ ಇಲ್ಲ, ಮೆರವಣಿಗೆಯನ್ನು ತಡೆಯಬೇಕೆಂದು ಬಹಿರಂಗವಾಗಿಯೇ ಬರೆದ, ಮಾತನಾಡಿದ. ಆ ಜುಲೈ 30ರಂದು ಅದೇ ನಗರದಲ್ಲಿ, ಅದೇ ಮೆರವಣಿಗೆಯೊಳಗೆ, ಅದೇ ಮನುಷ್ಯ ಮತ್ತೆ ಚಾಕು ಹಿಡಿದು ನುಗ್ಗಿ ಆರು ಮಂದಿಗೆ ಇರಿದ. ಗೆಳೆಯರ ಬೆಂಬಲಕ್ಕೆಂದು ಬಂದಿದ್ದ ಹದಿನಾರರ ಹುಡುಗಿ ಶಿರಾ ಬಾಂಕಿ ಮೂರು ದಿನದ ಬಳಿಕ ತೀರಿಕೊಂಡಳು. ಇಲ್ಲಿ ಗುಪ್ತವಾದ ಮಾಹಿತಿಯ ಅಗತ್ಯವೇ ಇರಲಿಲ್ಲ, ಹೆಸರು ಗೊತ್ತಿತ್ತು, ಮುಖ ಗೊತ್ತಿತ್ತು, ಹಿಂದಿನ ಕೃತ್ಯ ಗೊತ್ತಿತ್ತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ವಿಚಾರಣೆ ನಡೆದು ಪೊಲೀಸರ ವೈಫಲ್ಯ ದಾಖಲಾಯಿತು. ಮರುವರ್ಷ, 2016ರಲ್ಲಿ, ಜೆರುಸಲೇಮ್‌ನಲ್ಲಿ ಸುಮಾರು 25,000 ಜನ ನಡೆದರು. ಅಲ್ಲಿಯವರೆಗೆ ಆ ನಗರದಲ್ಲಿ ಅಷ್ಟು ಜನ ಸೇರಿದ್ದೇ ಇಲ್ಲ. ಭಯ ಕಡಿಮೆಯಾದದ್ದರಿಂದ ಅವರು ಬಂದರೆಂದು ನನಗನ್ನಿಸುವುದಿಲ್ಲ. ಹಿಂದೆ ಇಂಥ ಮೆರವಣಿಗೆಗೆ ಕಾಲಿಡದ ಎಷ್ಟೋ ಜನರಿಗೆ ಬಾರದಿರುವುದು ಸಾಧ್ಯವಾಗಲಿಲ್ಲ, ಅಷ್ಟೆ. ಓಸ್ಲೋದ ವಿಷಯದಲ್ಲೂ, ದಾಳಿಯನ್ನು ತಡೆಯಲು ಸಾಧ್ಯವಿತ್ತೆಂದು 2023ರಲ್ಲಿ ಪರಿಶೀಲನಾ ಸಮಿತಿ ಹೇಳಿತು.

ಕಾವಲು ಗೆದ್ದ ಕಥೆಗಳು ಇದಕ್ಕಿಂತ ಹೆಚ್ಚಿವೆ, ಆದರೆ ಅವು ಕಥೆಗಳಾಗುವುದಿಲ್ಲ. 2023ರ ಜೂನ್ 17ರಂದು ವಿಯೆನ್ನಾದಲ್ಲಿ ಲಕ್ಷಗಟ್ಟಲೆ ಜನ ಕುಣಿದು ಮನೆಗೆ ಹೋದ ಮರುದಿನ, ದಾಳಿಗೆ ಸಂಚು ಹೂಡಿದ ಶಂಕೆಯ ಮೇಲೆ 14, 17 ಮತ್ತು 20 ವರ್ಷದ ಮೂವರನ್ನು ಮೆರವಣಿಗೆಗೆ ಮುನ್ನವೇ ಬಂಧಿಸಲಾಗಿತ್ತೆಂದು ಅಧಿಕಾರಿಗಳು ತಿಳಿಸಿದರು. 2022ರ ಜೂನ್‌ನಲ್ಲಿ ಅಮೆರಿಕದ ಐಡಹೊ ರಾಜ್ಯದ ಕೋರ್ ಡಲೇನ್ ಎಂಬ ಊರಿನಲ್ಲಿ, ಮುಖಗವಸು ಹಾಕಿಕೊಂಡ ಒಂದಷ್ಟು ಜನ ಬಾಡಿಗೆ ಲಾರಿಯೊಂದರ ಹಿಂಬದಿಗೆ ಹತ್ತುತ್ತಿರುವುದನ್ನು ಕಂಡ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪ್ರೈಡ್ ನಡೆಯುತ್ತಿದ್ದ ಪಾರ್ಕಿನ ಸಮೀಪ ಲಾರಿಯನ್ನು ತಡೆದಾಗ ಅದರಲ್ಲಿದ್ದದ್ದು ಬಿಳಿಯರ ಶ್ರೇಷ್ಠತೆಯನ್ನು ಸಾರುವ ಗುಂಪಿನ 31 ಮಂದಿ. ಕಾವಲು ಅಂದರೆ ಬಹುಪಾಲು ಇಂಥದ್ದೇ, ಕಣ್ಣಿಗೆ ಕಾಣದ್ದು, ಒಬ್ಬ ದಾರಿಹೋಕನ ಫೋನ್ ಕರೆಯ ಮೇಲೆ ನಿಂತದ್ದು.

ವಿಯೆನ್ನಾದ ಪ್ರಸಂಗ ಇನ್ನೊಂದು ಕಗ್ಗಂಟನ್ನೂ ಎದುರಿಗಿಡುತ್ತದೆ. ಬೆದರಿಕೆ ಇತ್ತೆಂದು ಮೊದಲೇ ತಿಳಿಸಿದ್ದರೆ ಎಷ್ಟು ಜನ ಬರುತ್ತಿದ್ದರು? ತಿಳಿಸದೆ ಇದ್ದದ್ದು ಅವರ ಆಯ್ಕೆಯನ್ನು ಕಸಿದುಕೊಂಡಂತೆಯೇ? ಇನ್ನೊಂದು ತುದಿಯಲ್ಲಿ ತೀರ ಮಬ್ಬಾದ ಎಚ್ಚರಿಕೆಗಳಿವೆ. 2024ರ ಮೇ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಜಗತ್ತಿನಾದ್ಯಂತ ಇರುವ ತನ್ನ ಪ್ರಜೆಗಳಿಗೆ, ಪ್ರೈಡ್ ಕಾರ್ಯಕ್ರಮಗಳಲ್ಲಿ ಜಾಗರೂಕರಾಗಿರಿ ಎಂದಿತು. 2025ರ ಮೇ 17ರಂದು ಜರ್ಮನಿಯ ಗೆಲ್ಸೆನ್‌ಕಿರ್ಖೆನ್‌ನಲ್ಲಿ, ಇಂಥದ್ದೇ ಎಂದು ಹೇಳಲಾಗದ ಬೆದರಿಕೆಯೊಂದರ ಕಾರಣಕ್ಕೆ, ಜನ ಸೇರಿದ ಮೇಲೆ ಮೆರವಣಿಗೆ ರದ್ದಾಯಿತು. ಇಂಥ ಎಚ್ಚರಿಕೆ ಕೊಟ್ಟವರ ಹೊಣೆಯನ್ನು ಇಳಿಸುತ್ತದೆ, ಕೇಳಿದವರ ಕೈಗೆ ಮಾತ್ರ ಏನನ್ನೂ ಕೊಡುವುದಿಲ್ಲ.

ಇನ್ನು ‘ನಿಮ್ಮ ಒಳ್ಳೆಯದಕ್ಕೇ’ ಎಂದು ಬರುವ ನಿಷೇಧದ ವಿಷಯ. 2003ರಿಂದ ನಡೆದುಕೊಂಡು ಬಂದಿದ್ದ ಇಸ್ತಾಂಬುಲ್‌ನ ಮೆರವಣಿಗೆಗೆ 2014ರ ಹೊತ್ತಿಗೆ ಹತ್ತಾರು ಸಾವಿರ ಜನ ಸೇರುತ್ತಿದ್ದರು. 2015ರಲ್ಲಿ ಅದನ್ನು ತಡೆದು, ಬಂದವರ ಮೇಲೆ ಜಲಫಿರಂಗಿ ಮತ್ತು ರಬ್ಬರ್ ಗುಂಡು ಪ್ರಯೋಗಿಸಲಾಯಿತು. ಅಂದಿನಿಂದ ಪ್ರತಿ ವರ್ಷವೂ ನಿಷೇಧ, ಪ್ರತಿ ವರ್ಷವೂ ಪಕ್ಕದ ಸಂದುಗಳಲ್ಲಿ ಸಣ್ಣ ಗುಂಪುಗಳು, ಪ್ರತಿ ವರ್ಷವೂ ಬಂಧನ. ಸಾರ್ವಜನಿಕ ಸುವ್ಯವಸ್ಥೆ ಮತ್ತು ಪಾಲ್ಗೊಳ್ಳುವವರ ಸುರಕ್ಷತೆ ಎಂಬ ಕಾರಣವನ್ನು ಆಡಳಿತ ಮುಂದಿಡುತ್ತದೆ, ಆದರೆ ಅಲ್ಲಿ ಮೆರವಣಿಗೆಯವರ ಮೈಮೇಲಿನ ಗಾಯಗಳು ಹೆಚ್ಚಾಗಿ ಆ ಸುರಕ್ಷತೆಯನ್ನು ಒದಗಿಸಲು ಬಂದವರಿಂದಲೇ ಆದವು. ಮಾಸ್ಕೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2012ರಲ್ಲಿ ಪ್ರೈಡ್‌ಗೆ ನೂರು ವರ್ಷಗಳ ನಿಷೇಧವನ್ನು ನ್ಯಾಯಾಲಯದ ಮೂಲಕವೇ ಗಟ್ಟಿಮಾಡಿಕೊಂಡಿತು. ನೂರು ವರ್ಷಗಳಷ್ಟು ದೂರದ ಅಪಾಯವನ್ನು ಊಹಿಸಬಲ್ಲ ಗುಪ್ತಚರ ಇಲಾಖೆ ಯಾವ ದೇಶದಲ್ಲೂ ಇಲ್ಲ. ಹಾಗಾಗಿ ಅದು ಭದ್ರತೆಯ ಮಾತಲ್ಲವೆಂದು ಹೇಳಲು ಬೇರೆ ಸಾಕ್ಷಿ ಬೇಡ.

ಕಾನೂನು ಈ ವಿಷಯದಲ್ಲಿ ಬಹುತೇಕ ಸ್ಪಷ್ಟವಾಗಿದೆ. 2005ರಲ್ಲಿ ವಾರ್ಸಾದ ಮೇಯರ್ ಮೆರವಣಿಗೆಗೆ ಅನುಮತಿ ನಿರಾಕರಿಸಿದ ಪ್ರಕರಣದಲ್ಲಿ 2007ರಲ್ಲಿ, ಮಾಸ್ಕೋದ ನಿಷೇಧಗಳ ಪ್ರಕರಣದಲ್ಲಿ 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಡಳಿತಗಳ ವಿರುದ್ಧ ತೀರ್ಪು ಕೊಟ್ಟಿತು. ಅದರ ತರ್ಕವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಎದುರಾಳಿಗಳು ಗಲಾಟೆ ಮಾಡುತ್ತಾರೆಂಬ ಕಾರಣಕ್ಕೆ ಶಾಂತಿಯುತ ಸಭೆಯನ್ನು ನಿಷೇಧಿಸುತ್ತ ಹೋದರೆ, ಬಹುಸಂಖ್ಯಾತರಿಗೆ ಒಪ್ಪಿಗೆಯಾಗದ ಯಾವ ಮಾತನ್ನೂ ಯಾರೂ ಬೀದಿಯಲ್ಲಿ ಆಡುವಂತಿರುವುದಿಲ್ಲ, ಆದ್ದರಿಂದ ಗಲಾಟೆ ಮಾಡುವವರನ್ನು ತಡೆಯುವುದು ರಾಜ್ಯದ ಕೆಲಸ, ಗಲಾಟೆಗೆ ಗುರಿಯಾಗುವವರನ್ನು ಒಳಗೆ ಕೂಡಿಹಾಕುವುದಲ್ಲ. ಶಾಂತಿಯುತವಾಗಿ ಸಭೆ ಸೇರುವ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಹೊರಡಿಸಿದ ವಿವರಣೆಯೂ ಇದೇ ದಿಕ್ಕಿನಲ್ಲಿದೆ. ಆದರೆ ತೀರ್ಪು ಬರುವುದು ಮೆರವಣಿಗೆಯ ದಿನ ಕಳೆದು ವರ್ಷಗಳಾದ ಮೇಲೆ, ಕಲ್ಲು ಬೀಳುವುದು ಆ ದಿನವೇ.

ನಿಷೇಧವೇ ಅನಿವಾರ್ಯ ಎನ್ನುವವರು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಇತಿಹಾಸವನ್ನು ಸಾವಧಾನವಾಗಿ ಓದಬೇಕು. 2001ರ ಜೂನ್ 30ರಂದು ಅಲ್ಲಿ ಮೊದಲ ಪ್ರೈಡ್‌ಗೆ ಸೇರಿದ ಬೆರಳೆಣಿಕೆಯ ಜನರನ್ನು ರಾಷ್ಟ್ರವಾದಿ ಗುಂಪುಗಳೂ ಫುಟ್‌ಬಾಲ್ ಪುಂಡರೂ ಸೇರಿ ರಕ್ತ ಬರುವಂತೆ ಹೊಡೆದರು, ಅಲ್ಲಿದ್ದ ಪೊಲೀಸರ ಸಂಖ್ಯೆ ಯಾತಕ್ಕೂ ಸಾಲದಾಗಿತ್ತು. 2009ರಲ್ಲಿ ರಕ್ಷಣೆ ಕೊಡಲಾಗದೆಂದು ಆಡಳಿತ ಕೈಚೆಲ್ಲಿತು. 2010ರ ಅಕ್ಟೋಬರ್ 10ರಂದು ಸುಮಾರು ಸಾವಿರ ಜನರ ಮೆರವಣಿಗೆಗೆ ಐದು ಸಾವಿರಕ್ಕೂ ಹೆಚ್ಚು ಪೊಲೀಸರು ಕಾವಲಿದ್ದರು. ಮೆರವಣಿಗೆ ಸುರಕ್ಷಿತವಾಗಿ ಮುಗಿಯಿತು, ಆದರೆ ಅದರ ಸುತ್ತಲಿನ ನಗರ ಹೊತ್ತಿ ಉರಿಯಿತು; ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಅವರಲ್ಲಿ ಬಹುಪಾಲು ಪೊಲೀಸರೇ. ಅದನ್ನೇ ನೆಪವಾಗಿಟ್ಟುಕೊಂಡು 2011, 2012, 2013ರಲ್ಲಿ ಮತ್ತೆ ನಿಷೇಧ. ಆಮೇಲೆ 2014ರ ಸೆಪ್ಟೆಂಬರ್ 28ರಂದು ಸಾವಿರಾರು ಪೊಲೀಸರ ನಡುವೆ ಮೆರವಣಿಗೆ ನಡೆದಾಗ ದೊಡ್ಡ ಅನಾಹುತವೇನೂ ಆಗಲಿಲ್ಲ.

ಆ ಒಂದು ವರ್ಷದಲ್ಲಿ ಬೆಲ್‌ಗ್ರೇಡ್‌ನ ಪುಂಡರು ಸಜ್ಜನರಾಗಿರಲಿಲ್ಲ, ಬೀದಿಗಳೂ ಬದಲಾಗಿರಲಿಲ್ಲ. ಬದಲಾದದ್ದು ಸರ್ಬಿಯಾದ ರಾಜಕೀಯದ ಅಗತ್ಯ: ಯುರೋಪಿಯನ್ ಒಕ್ಕೂಟಕ್ಕೆ ಸೇರುವ ಮಾತುಕತೆ ಆ ವರ್ಷದ ಜನವರಿಯಲ್ಲಿ ಆರಂಭವಾಗಿತ್ತು, ಪ್ರೈಡ್ ನಡೆಸಿ ತೋರಿಸುವುದು ಸರ್ಕಾರಕ್ಕೆ ಬೇಕಾಗಿತ್ತು. ಇದರಿಂದ ನಾನು ತೆಗೆಯುವ ನಿರ್ಣಯ ಸ್ವಲ್ಪ ಕಹಿಯಾದದ್ದು. ‘ರಕ್ಷಣೆ ಕೊಡಲಾಗದು’ ಎಂಬ ಮಾತಿನಲ್ಲಿ ‘ಕೊಡಲು ಮನಸ್ಸಿಲ್ಲ’ ಎಂಬುದರ ಪಾಲು ಎಷ್ಟಿದೆ ಎಂದು ಹೊರಗಿನವರಿಗೆ ಮುಂಚಿತವಾಗಿ ತಿಳಿಯುವುದಿಲ್ಲ. ಕಾವಲು ಸಿಕ್ಕಿದಾಗಲೂ ಅದು ಹಕ್ಕಾಗಿ ಸಿಕ್ಕಿದ್ದೇ, ಲಾಭದ ಲೆಕ್ಕವಾಗಿ ಸಿಕ್ಕಿದ್ದೇ ಎಂಬುದು ಮುಂದಿನ ವರ್ಷವಷ್ಟೇ ಗೊತ್ತಾಗುತ್ತದೆ. 2022ರಲ್ಲಿ ಇಡೀ ಯುರೋಪಿನ ಪ್ರೈಡ್ ಬೆಲ್‌ಗ್ರೇಡ್‌ನಲ್ಲಿ ನಡೆಯಬೇಕಾದಾಗ, ಸ್ವತಃ ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಆನಾ ಬ್ರನಾಬಿಚ್ ಪ್ರಧಾನಿಯಾಗಿದ್ದರೂ, ಮತ್ತೆ ನಿಷೇಧದ ಹಗ್ಗಜಗ್ಗಾಟ ನಡೆದು ಕೊನೆಗೆ ಮೊಟಕಾದ ದಾರಿಯಲ್ಲಿ ಮಳೆಯಲ್ಲಿ ಜನ ನಡೆದರು.

ಮನಸ್ಸಿಲ್ಲದ ಕಾವಲು ಹೇಗಿರುತ್ತದೆಂದು ಟಿಬಿಲಿಸಿ ತೋರಿಸಿದೆ. 2013ರ ಮೇ 17ರಂದು ಜಾರ್ಜಿಯಾದ ಈ ರಾಜಧಾನಿಯಲ್ಲಿ ಕೆಲವೇ ಹತ್ತು ಜನರ ಸಣ್ಣ ಸಭೆಯ ಮೇಲೆ ಪಾದ್ರಿಗಳ ಮುಂದಾಳತ್ವದ ಸಾವಿರಾರು ಜನ ಪೊಲೀಸರ ಸಾಲನ್ನು ದಾಟಿ ಬಂದರು. ಸಭೆಯವರನ್ನು ಮಿನಿಬಸ್ಸಿಗೆ ಹತ್ತಿಸಿ ಹೊರಕ್ಕೆ ಸಾಗಿಸುವಾಗ ಗುಂಪು ಬಸ್ಸನ್ನು ಸುತ್ತುಗಟ್ಟಿ ಕಿಟಕಿ ಗಾಜುಗಳನ್ನು ಒಡೆಯಿತು. ಒಳಗಿದ್ದವರಿಗೆ ಆಗ ಬಸ್ಸಿನ ತಗಡೇ ಗೋಡೆ. 2021ರ ಜುಲೈ 5ರಂದು ಮೆರವಣಿಗೆಯನ್ನು ಸಂಘಟಕರೇ ಕೈಬಿಟ್ಟರು, ಆದರೂ ಗುಂಪು ಅವರ ಕಚೇರಿಗೆ ನುಗ್ಗಿತು, ಐವತ್ತಕ್ಕೂ ಹೆಚ್ಚು ಪತ್ರಕರ್ತರ ಮೇಲೆ ಹಲ್ಲೆ ನಡೆಯಿತು. ಏಟು ತಿಂದ ಛಾಯಾಗ್ರಾಹಕ ಅಲೆಕ್ಸಾಂಡರ್ ಲಷ್ಕರಾವಾ ಕೆಲವು ದಿನಗಳ ಬಳಿಕ ತಮ್ಮ ಮನೆಯಲ್ಲಿ ಹೆಣವಾಗಿ ಸಿಕ್ಕರು. ರದ್ದುಪಡಿಸಿದರೆ ಅಪಾಯ ತಪ್ಪುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಬಲವಾದ ಪ್ರತ್ಯುತ್ತರ ಬೇಕೆ? ಅಂದು ಮೆರವಣಿಗೆಯೇ ಇರಲಿಲ್ಲ.

ಬುಡಾಪೆಸ್ಟ್‌ನಲ್ಲಿ 2025ರಲ್ಲಿ ಭಯದ ಸ್ವರೂಪವೇ ಬೇರೆಯಾಗಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಹಂಗೆರಿಯ ಸಂಸತ್ತು ಪ್ರೈಡ್ ನಿಷೇಧಕ್ಕೆ ದಾರಿ ಮಾಡುವ ಕಾನೂನು ತಂದು, ಪಾಲ್ಗೊಂಡವರನ್ನು ಗುರುತಿಸಲು ಮುಖಚಹರೆ ಪತ್ತೆ ಮಾಡುವ ತಂತ್ರಜ್ಞಾನದ ಬಳಕೆಗೂ, ಎರಡು ಲಕ್ಷ ಫೋರಿಂಟ್‌ವರೆಗೆ ದಂಡ ಹಾಕುವುದಕ್ಕೂ ಅವಕಾಶ ಕೊಟ್ಟಿತು. ಕಲ್ಲಿನ ಪೆಟ್ಟು ವಾರದಲ್ಲಿ ಮಾಯಬಹುದು, ಸರ್ಕಾರಿ ಕಡತದಲ್ಲಿ ಸೇರಿದ ಮುಖ ಮಾಯುವುದಿಲ್ಲ; ಶಾಲೆಯಲ್ಲಿ ಪಾಠ ಹೇಳುವವರು, ಸರ್ಕಾರಿ ನೌಕರರು ಹಿಂಜರಿದಿದ್ದರೆ ಅದನ್ನು ಅಂಜಿಕೆ ಎನ್ನಲಾಗದು. ಮೇಯರ್ ಗೆರ್ಗೆಯ್ ಕರಾಚೋನಿ ಮೆರವಣಿಗೆಯನ್ನು ನಗರಸಭೆಯ ಕಾರ್ಯಕ್ರಮವೆಂದು ಘೋಷಿಸಿ ಜೂನ್ 28ರಂದು ನಡೆಸಿದರು. ಬಂದವರು ಒಂದರಿಂದ ಎರಡು ಲಕ್ಷ ಎಂಬ ಅಂದಾಜಿದೆ, ಹಿಂದಿನ ಯಾವ ವರ್ಷಕ್ಕೂ ಹೋಲಿಕೆಯೇ ಇಲ್ಲ. ಅಷ್ಟು ಜನರಿಗೆ ದಂಡದ ಚೀಟಿ ಹಂಚುವುದು ಯಾವ ಠಾಣೆಯ ಕೈಲೂ ಆಗದ ಕೆಲಸ. ಜುಲೈನಲ್ಲಿ ಪೊಲೀಸರು ಪಾಲ್ಗೊಂಡವರ ಮೇಲೆ ಕ್ರಮವಿಲ್ಲವೆಂದರು. ಸಂಖ್ಯೆಯೇ ರಕ್ಷಣೆ ಎಂದು ಇದರಿಂದ ಹೇಳಬಹುದೇನೋ, ಆದರೆ ಇಸ್ತಾಂಬುಲ್‌ನ 2014ರ ಜನಸಾಗರ 2015ರ ಜಲಫಿರಂಗಿಯನ್ನು ತಡೆಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಒಂಟಿಯಾಗಿ ನೋಡಿದರೆ ಎರಡೂ ಉದಾಹರಣೆಗಳು ದಾರಿ ತಪ್ಪಿಸುತ್ತವೆ.

ಭಯವೂ ತನ್ನದೇ ರೀತಿಯಲ್ಲಿ ಗಾಯ ಮಾಡುತ್ತದೆ. 2019ರ ಜೂನ್ 8ರಂದು ವಾಷಿಂಗ್ಟನ್‌ನ ಮೆರವಣಿಗೆಯಲ್ಲಿ ಗುಂಡು ಹಾರಿತೆಂಬ ಸುದ್ದಿ ಹಬ್ಬಿ ಜನ ಬ್ಯಾರಿಕೇಡ್‌ಗಳನ್ನು ಕೆಡವಿಕೊಂಡು ಓಡಿದರು, ಹಲವರು ಗಾಯಗೊಂಡರು. ಗುಂಡು ಹಾರಿಯೇ ಇರಲಿಲ್ಲ. 2021ರ ಜೂನ್‌ನಲ್ಲಿ ಫ್ಲಾರಿಡಾದ ವಿಲ್ಟನ್ ಮ್ಯಾನರ್ಸ್‌ನಲ್ಲಿ ಲಾರಿಯೊಂದು ಜನರ ಮೇಲೆ ಹರಿದು ಒಬ್ಬರು ಸತ್ತಾಗ, ಪಕ್ಕದ ನಗರದ ಮೇಯರ್ ಅದನ್ನು ಬೇಕೆಂದೇ ನಡೆಸಿದ ದಾಳಿ ಎಂದುಬಿಟ್ಟರು. ಓಡಿಸುತ್ತಿದ್ದವರು ಮೆರವಣಿಗೆಯವರೇ ಆದ 77 ವರ್ಷದ ವೃದ್ಧರೆಂದೂ, ಅದು ಅಪಘಾತವೆಂದೂ ಆಮೇಲೆ ಗೊತ್ತಾಯಿತು.

ಎಲ್ಲ ಕಾವಲಿಗೂ ಒಂದು ಕೊನೆಯ ಕಂಬವಿರುತ್ತದೆ, ಅಲ್ಲಿಂದಾಚೆಗಿನ ಅಪಾಯದ ಬಗ್ಗೆ ನಾವು ಮಾತನಾಡುವುದು ಕಡಿಮೆ. 2022ರ ಆಗಸ್ಟ್ 27ರಂದು ಜರ್ಮನಿಯ ಮ್ಯುನ್‌ಸ್ಟರ್‌ನಲ್ಲಿ ಪ್ರೈಡ್‌ಗೆ ಬಂದಿದ್ದ ಮಹಿಳೆಯರನ್ನು ಒಬ್ಬಾತ ಬೈಯುತ್ತಿದ್ದುದನ್ನು ಕಂಡು ನಡುವೆ ಬಂದ 25 ವರ್ಷದ ಟ್ರಾನ್ಸ್ ಪುರುಷನೊಬ್ಬ, ಮುಷ್ಟಿಯ ಏಟಿಗೆ ಕೆಳಗೆ ಬಿದ್ದು ಕೆಲವು ದಿನಗಳ ಬಳಿಕ ಸತ್ತ. ಬಾಂಬಿಲ್ಲ, ಬಂದೂಕಿಲ್ಲ, ಸಂಚಿಲ್ಲ. ವೇದಿಕೆಯ ಮುಂದೆ ನೂರಾರು ಪೊಲೀಸರಿದ್ದರೂ ರೈಲು ನಿಲ್ದಾಣದ ಮೆಟ್ಟಿಲ ಮೇಲೆ, ವಾಹನ ನಿಲ್ಲಿಸಿದ ಕತ್ತಲ ಸಂದಿನಲ್ಲಿ, ಊರಿಗೆ ಹೋಗುವ ಕೊನೆಯ ಬೋಗಿಯಲ್ಲಿ ಯಾರೂ ಇರುವುದಿಲ್ಲ. ಸಣ್ಣ ಊರುಗಳ ಮೆರವಣಿಗೆಗೆ ಇದು ಇನ್ನೂ ದೊಡ್ಡ ಸಮಸ್ಯೆ. ಮಹಾನಗರದಲ್ಲಿ ಬಾವುಟ ಮಡಚಿದೊಡನೆ ಜನಜಂಗುಳಿಯಲ್ಲಿ ಒಂದಾಗಿಬಿಡಬಹುದು, ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಮೆರವಣಿಗೆಯ ಮರುದಿನವೂ ನೀವು ಅದೇ ಬೀದಿಯಲ್ಲಿ ಅದೇ ಮುಖ ಹೊತ್ತು ನಡೆಯಬೇಕು. ಲಾರಿ ತಡೆಯುವ ಕಾಂಕ್ರೀಟ್ ದಿಮ್ಮಿ, ಖಾಸಗಿ ಕಾವಲುಗಾರರು, ವಿಮೆ, ಇವುಗಳ ವೆಚ್ಚ ಭರಿಸಲಾಗದೆ ಮೊದಲು ಕೈಬಿಡಬೇಕಾಗಿ ಬರುವುದೂ ಅಂಥ ಊರುಗಳ ಸಂಘಟಕರೇ.

ಪಳಗಿದವರಿಗೆ ಇದೆಲ್ಲ ಗೊತ್ತಿದೆ, ಅವರ ಸಿದ್ಧತೆಯನ್ನು ನೋಡಿದರೆ ಅರ್ಥವಾಗುತ್ತದೆ. ವಕೀಲರ ಫೋನ್ ನಂಬರನ್ನು ಮೊಬೈಲ್‌ನಲ್ಲಿ ಮಾತ್ರವಲ್ಲದೆ ಮುಂಗೈಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದುಕೊಳ್ಳುತ್ತಾರೆ, ಏಕೆಂದರೆ ಬಂಧನವಾದರೆ ಮೊದಲು ಹೋಗುವುದು ಮೊಬೈಲ್. ಬಣ್ಣದ ಅಂಗಿಯ ಮೇಲೆ ಹಾಕಿಕೊಳ್ಳಲು ಸಾದಾ ಜಾಕೆಟ್ ಒಂದು ಚೀಲದಲ್ಲಿರುತ್ತದೆ. ಕೆನ್ನೆಯ ಕಾಮನಬಿಲ್ಲನ್ನು ಒರೆಸಲು ಒದ್ದೆ ಕಾಗದ ಇರುತ್ತದೆ. ಅದು ನಾಲ್ಕು ಗಂಟೆಯ ಸಂಭ್ರಮವನ್ನು ಎರಡು ನಿಮಿಷದಲ್ಲಿ ಗುಲಾಬಿ ಕಲೆಯಾಗಿಸಿಬಿಡುತ್ತದೆ. ಒಬ್ಬರೇ ಹಿಂತಿರುಗುವುದಿಲ್ಲ, ಮನೆ ತಲುಪಿದ ಸಂದೇಶ ಬರುವವರೆಗೆ ಉಳಿದವರು ಮಲಗುವುದಿಲ್ಲ. ಗುರುತು ಬಯಲಾದರೆ ಮನೆಯೋ ಕೆಲಸವೋ ಕಳೆದುಹೋಗುವವರು ಮುಖವಾಡ ಹಾಕಿ ಬರುತ್ತಾರೆ, ಇಲ್ಲವೇ ಬರುವುದಿಲ್ಲ, ಮತ್ತು ಬಾರದವರ ಬಗ್ಗೆ ಬಂದವರು ಹಗುರವಾಗಿ ಮಾತನಾಡುವುದಿಲ್ಲ.

ಹೀಗಾಗಿ ಹೋಗಬೇಕೇ ಬೇಡವೇ ಎಂದು ತೂಗುತ್ತಿರುವವರು ಸಂಘಟಕರನ್ನು ಕೇಳಬೇಕಾದ್ದು ಬೆದರಿಕೆ ಇದೆಯೇ ಎಂದಲ್ಲ. ದಾರಿಯ ಎರಡೂ ಬದಿ ಮುಚ್ಚಿರುತ್ತದೆಯೇ, ಎದುರಾಳಿ ಗುಂಪಿಗೆ ಅನುಮತಿ ಕೊಟ್ಟಿದ್ದರೆ ಅವರು ಎಷ್ಟು ದೂರದಲ್ಲಿರುತ್ತಾರೆ, ಚಿತ್ರ ತೆಗೆಸಿಕೊಳ್ಳಲು ಇಷ್ಟವಿಲ್ಲದವರಿಗೆ ಬೇರೆ ಜಾಗವಿದೆಯೇ, ಗುಂಪು ಚದುರುವಾಗ ಹತ್ತಿರದ ನಿಲ್ದಾಣದವರೆಗೆ ಜೊತೆಗೆ ಯಾರು ಬರುತ್ತಾರೆ, ಮತ್ತು ಸಂಜೆ ಆರಕ್ಕೆ ಮೆರವಣಿಗೆ ಮುಗಿಯುವುದಾದರೆ ಬಂದೋಬಸ್ತು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಬೇಕು.